ಹೊನ್ನರೆಕ್ಕೆಯ ಚಿಟ್ಟೆಗಳ ಕುಲ

ಕಳ್ಳಂಬೆಳ್ಳದ ಕೆರೆಯ ಏರಿಯ ಮೇಲೆ ನಿಂತವರಿಗೆ ಮಳೆಗಾಡಿನ ಚಿಟ್ಟೆಯ ಮಾತು ದೂರದ್ದೆಂದು ತೋರಬಹುದು. ಆದರೆ ಬಯಲುಸೀಮೆಯಲ್ಲಿ ಹಾರಾಡುವ, ಕೆಂಪು ಮೈಯ ಗುಲಾಬಿ ಚಿಟ್ಟೆಗಳೂ ಮಲೆನಾಡಿನ ಟ್ರಾಯ್ಡಿಸ್ ಕುಲದ ಹೊನ್ನರೆಕ್ಕೆಯ ಚಿಟ್ಟೆಯೂ ದಾಯಾದಿಗಳು. ಇಬ್ಬರ ಮರಿಹುಳುಗಳಿಗೂ ಈಶ್ವರಿಬಳ್ಳಿಯ ವರ್ಗದ ಎಲೆಯೇ ಆಹಾರ.

1758ರಲ್ಲಿ ಲಿನ್ನೇಯಸನು ಈ ಕುಲದ ಒಂದು ಚಿಟ್ಟೆಗೆ ಹೆಲೆನಾ ಎಂದು ಹೆಸರಿಟ್ಟನು. ನಮ್ಮ ಸಹ್ಯಾದ್ರಿಯ ಚಿಟ್ಟೆಯನ್ನು 1779ರಲ್ಲಿ ಕ್ರಾಮರನು ಮಿನೋಸ್ ಎಂದು ಕರೆದನು. ಗ್ರೀಕ್ ಪುರಾಣದ ಮೇಲೆ ಈ ಪಂಡಿತರಿಗೆ ಅಷ್ಟು ಮೋಹ! ಟ್ರಾಯ್ಡಿಸ್ ಎಂಬ ಕುಲನಾಮವನ್ನು 1819ರಲ್ಲಿ ಕೊಟ್ಟವನು ಹ್ಯೂಬ್ನರ್. ಮುಂದೆ ಬಹುಕಾಲ ಮಿನೋಸನ್ನು ಹೆಲೆನಾದ ಉಪಜಾತಿಯೆಂದೇ ಎಣಿಸುತ್ತಿದ್ದರು. ಈಗ ಅದು ಸ್ವತಂತ್ರ ಜಾತಿಯೆನಿಸಿದೆ.

ಇದು ಬರಿಯ ಹೆಸರಿನ ವ್ಯಾಜ್ಯವಲ್ಲ. ಹೆಲೆನಾ ಪೂರ್ವಹಿಮಾಲಯದ ತಪ್ಪಲಿನಿಂದ ಜಾವಾದವರೆಗೂ ಹಬ್ಬಿರುವ ಜಾತಿ. ಅದರ ಶಾಖೆಯೊಂದು ಅಳಿದರೂ ಜಾತಿ ಉಳಿದೀತು. ಸಿಂಹಳಕ್ಕೆ ತನ್ನದೇ ಆದ ಡಾರ್ಸಿಯಸ್ ಉಂಟು. ಮಿನೋಸಿಗಾದರೋ ದಕ್ಷಿಣ ಭಾರತವನ್ನು ಬಿಟ್ಟರೆ ಲೋಕದಲ್ಲಿ ಬೇರೆ ನೆಲೆಯಿಲ್ಲ. ರೆಕ್ಕೆ ಬಿಚ್ಚಿದರೆ ಏಳು ಅಂಗುಲವನ್ನೂ ಮೀರಬಲ್ಲ ಈ ಚಿಟ್ಟೆಯ ಬಾಳು ಒಂದು ಬಡ ಬಳ್ಳಿಯನ್ನು ನೆಚ್ಚಿದೆ. ಈಶ್ವರಿಬಳ್ಳಿಯ ವರ್ಗವನ್ನು ಬೇರುಸಹಿತ ಕಿತ್ತ ಕಾಡಿನಲ್ಲಿ ತಾಯಿಚಿಟ್ಟೆಗೆ ಮೊಟ್ಟೆಯಿಡಲು ಎಲೆಯೇ ದೊರೆಯದು.