ಕಡಲಂಚಿನ ಸ್ಮಾರಕ

ಮೆಲ್ಬರ್ನ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನಾನೂ ನನ್ನ ಶ್ರೀಮತಿಯೂ ಒಂದು ದಿನ ಪ್ರವಾಸಿ ಬಸ್ಸಿನಲ್ಲಿ 'ಗ್ರೇಟ್ ಓಷನ್ ರೋಡ್' ನೋಡಲು ಹೊರಟೆವು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ದಕ್ಷಿಣ ಕರಾವಳಿಯಲ್ಲಿ ಟಾರ್ಕಿಯಿಂದ ಅಲನ್ಸ್‌ಫರ್ಡ್‌ವರೆಗೆ ಸುಮಾರು 240 ಕಿಲೋಮೀಟರ್ ಸಾಗುವ ಹಾದಿಯಿದು. ಒಂದು ಮಗ್ಗುಲಲ್ಲಿ ಕಡಿದಾದ ಬಂಡೆ, ಇನ್ನೊಂದು ಮಗ್ಗುಲಲ್ಲಿ ಭೋರ್ಗರೆಯುವ ಸಮುದ್ರ. ಈ ಸೌಂದರ್ಯಕ್ಕೆ ಮರುಳಾಗಿದ್ದ ನಮಗೆ ಅದರ ಚರಿತ್ರೆ ತಿಳಿದದ್ದು ಈಸ್ಟರ್ನ್ ವ್ಯೂ ಎಂಬಲ್ಲಿ, ರಸ್ತೆಗೆ ಅಡ್ಡಲಾಗಿ ನಿಂತಿರುವ ಸ್ಮಾರಕ ಕಮಾನಿನ ಬಳಿ ಇಳಿದಾಗ.

1918ರಲ್ಲಿ ಮೊದಲನೆಯ ಮಹಾಯುದ್ಧ ಮುಗಿಯಿತು. ರಣರಂಗದಿಂದ ಮರಳುವ ಸೈನಿಕರಿಗೆ ಉದ್ಯೋಗ ಬೇಕಾಗಿತ್ತು; ಮಡಿದವರಿಗೆ ಸ್ಮಾರಕ ಬೇಕಾಗಿತ್ತು. ಈ ಎರಡನ್ನೂ ಒಂದೇ ಕಾರ್ಯದಲ್ಲಿ ಸಾಧಿಸಲು ಜೀಲಾಂಗ್ ನಗರದ ಮೇಯರ್ ಹೋವರ್ಡ್ ಹಿಚ್‌ಕಾಕ್ ಮುಂದಾದರು. ಟ್ರಸ್ಟ್ ಸ್ಥಾಪಿಸಿ ದೇಣಿಗೆ ಸಂಗ್ರಹಿಸಿದರು. 1919ರ ಸೆಪ್ಟೆಂಬರ್ 19ರಂದು ಕೆಲಸ ಆರಂಭವಾಯಿತು.

ಸುಮಾರು 3,000 ಮಾಜಿ ಸೈನಿಕರು ಅಲ್ಲಿ ದುಡಿದರು. ದೊಡ್ಡ ಯಂತ್ರಗಳಿರಲಿಲ್ಲ, ಗುದ್ದಲಿ, ಪಿಕಾಸಿ, ಸಿಡಿಮದ್ದು, ಕುದುರೆಗಾಡಿಗಳೇ ಆಧಾರ. ವಾಸ ಡೇರೆಗಳಲ್ಲಿ. ದಿನಕ್ಕೆ 8 ಗಂಟೆ ದುಡಿದರೆ ಕೂಲಿ 10 ಷಿಲಿಂಗ್ 6 ಪೆನ್ಸ್. ಯುದ್ಧದಲ್ಲಿ ಉಳಿದುಬಂದ ಕೆಲವರು ಇಲ್ಲಿ ಪ್ರಾಣ ತೆತ್ತರು. 1932ರ ನವೆಂಬರ್‌ನಲ್ಲಿ ರಸ್ತೆ ಉದ್ಘಾಟನೆಯಾಯಿತು. ಅದಕ್ಕೆ ಕೆಲವೇ ತಿಂಗಳ ಮುನ್ನ ಹಿಚ್‌ಕಾಕ್ ನಿಧನರಾಗಿದ್ದರು. ಉದ್ಘಾಟನೆಯ ಮೆರವಣಿಗೆಯಲ್ಲಿ ಅವರ ಕಾರನ್ನು ಗವರ್ನರರ ಕಾರಿನ ಹಿಂದೆ ನಡೆಸಿ ಗೌರವ ಸಲ್ಲಿಸಲಾಯಿತು.

ಬಸ್ಸು ಮತ್ತೆ ಹೊರಟಿತು. ಕಿಟಕಿಯ ಪಕ್ಕದಲ್ಲಿದ್ದ ಶ್ರೀಮತಿ ಬಹಳ ಹೊತ್ತು ಮೌನವಾಗಿದ್ದು, "ರೀ, ಇಷ್ಟು ವರ್ಷ ಮಕ್ಕಳಿಗೆ ಯುದ್ಧದ ಪಾಠ ಮಾಡಿದಿರಲ್ಲ, ಯುದ್ಧ ಮುಗಿದ ಮೇಲೆ ಆ ಸಿಪಾಯಿಗಳು ಏನಾದರು ಅಂತ ಯಾವತ್ತಾದರೂ ಹೇಳಿದ್ದಿರಾ?" ಎಂದು ಕೇಳಿದಳು.

ನಾನು ನಿರುತ್ತರನಾದೆ. ಕಾರಣಗಳು, ಪರಿಣಾಮಗಳು, 1919ರ ವರ್ಸೇಲ್ಸ್ ಒಪ್ಪಂದ. ಅಲ್ಲಿಗೆ ನನ್ನ ಪಾಠ ಮುಗಿಯುತ್ತಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಪಡೆಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳವೂ ಇತ್ತು ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಅವರು ಊರಿಗೆ ಮರಳಿ ಹೇಗೆ ಬಾಳಿದರೆಂದು ನಾನೂ ಕೇಳಿಕೊಳ್ಳಲಿಲ್ಲ, ನಿಮ್ಮಿಂದಲೂ ಕೇಳಿಸಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಈಗ ತಂದೆತಾಯಂದಿರು. ಮಕ್ಕಳಿಗೆ ಇತಿಹಾಸ ಹೇಳುವಾಗ ಒಪ್ಪಂದದ ದಿನಾಂಕಕ್ಕೆ ಪುಸ್ತಕ ಮುಚ್ಚಬೇಡಿ. ನಿಮ್ಮ ಮೇಷ್ಟ್ರು ಬಿಟ್ಟ ಪಾಠವನ್ನು ನೀವಾದರೂ ಪೂರ್ಣಗೊಳಿಸಿ.