ಹಳಿಗೆ ಮನ್ನಣೆ, ವೇಳಾಪಟ್ಟಿಗೆ ಮರೆವು

ಬೆಂಗಳೂರಿನ ಸಂಚಾರದ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳನ್ನು ಓದಿದರೆ, ಊರಿನಲ್ಲಿ ಸಾರ್ವಜನಿಕ ಸಾರಿಗೆ ಹುಟ್ಟಿದ್ದೇ 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಓಡಿದಾಗ ಎನ್ನಿಸಬೇಕು. ಅದಕ್ಕೂ ಮುಂಚಿನ ಏಳು ದಶಕಗಳ ಬಸ್ ಚರಿತ್ರೆ ಪೀಠಿಕೆಯ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸೇರಿ ಮೆಟ್ರೊ ಜಾಲ ಸುಮಾರು 96 ಕಿ.ಮೀ. ಆಯಿತು. ಅದರ ಬೆನ್ನಿಗೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯ ಮಾತು ಜೋರಾಗಿದೆ. ಇವೇ ಎರಡು ಜಾಗಗಳನ್ನು ಹೊರವರ್ತುಲ ರಸ್ತೆಯ ಮೇಲೆ ವರ್ಷಗಳಿಂದ ಜೋಡಿಸುತ್ತ ಬಂದಿರುವ 500-ಡಿ ಬಸ್ಸಿನ ಹೆಸರು ಮಾತ್ರ ಈ ಚರ್ಚೆಯಲ್ಲಿ ಕೇಳಿಬರುವುದು ಅಪರೂಪ. ಬಸ್ ಓಡಿಸುವುದೂ ಒಂದು ವಿದ್ಯೆ, ಅದರಲ್ಲೂ ತಲೆಮಾರುಗಳಿವೆ, ಪಂಥಗಳಿವೆ ಎಂಬುದು ಮರೆತಂತಿದೆ.

ಆರಂಭದ ಕತೆ ಚಿಕ್ಕದು. ಕೋಲ್ಕತ್ತ, ಮುಂಬೈಗಳು ಟ್ರಾಮಿನಿಂದ ಬಸ್ಸಿಗೆ ಬಂದ ನಗರಗಳು. ಮುಂಬೈಯಲ್ಲಿ ಮೊದಲ ಸಿಟಿ ಬಸ್ ಓಡಿದ್ದು 1926ರ ಜುಲೈ 15ರಂದು. ಬೆಂಗಳೂರು ನೇರವಾಗಿ ಬಸ್ಸನ್ನೇ ಹತ್ತಿತು. 1940ರಲ್ಲಿ ಖಾಸಗಿಯಾಗಿ ಶುರುವಾದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಿತು. ಅದು ಬಿಟಿಎಸ್ ಆಯಿತು. ‘ಬಿಟ್ಟರೆ ತಿರುಗಿ ಸಿಗದು’ ಎಂದು ಜನ ಆ ಮೂರಕ್ಷರವನ್ನು ಬಿಡಿಸಿ ಹೇಳಿದ್ದು ಬರಿಯ ತಮಾಷೆಯಾಗಿರಲಿಲ್ಲ. ನಗರ ಸಾರಿಗೆಯ ಮೂಲ ದೂರನ್ನು ಅಷ್ಟು ಚುಟುಕಾಗಿ ಯಾವ ವರದಿಯೂ ಹೇಳಿಲ್ಲ.

ಬಿಟಿಎಸ್ ಕಾಲದ ಜಾಲ ಸರಳ. ಧರ್ಮಾಂಬುಧಿ ಕೆರೆಯಂಗಳದಲ್ಲಿ ಬೆಳೆದ ಮೆಜೆಸ್ಟಿಕ್, ಪೇಟೆಯ ಮಾರ್ಕೆಟ್, ದಂಡಿನ ಕಡೆಯ ಶಿವಾಜಿನಗರ, ಈ ಮೂರು ನಿಲ್ದಾಣಗಳಿಂದ ಬಸ್ಸುಗಳು ಹೊರಟು ಬಡಾವಣೆ ಮುಟ್ಟಿ ಮರಳುತ್ತಿದ್ದವು. ಎಚ್‌ಎಎಲ್, ಐಟಿಐ, ಬಿಇಎಲ್‌ಗಳ ಪಾಳಿ ನೋಡಿಕೊಂಡು ಟ್ರಿಪ್ ಹೊಂದಿಸಿದರೆ ಕೆಲಸ ಮುಗಿಯಿತು. ಊರು ಅಂಗೈಯಗಲ ಇದ್ದಾಗ ಇದು ತಪ್ಪಲ್ಲ. ಊರು ಬೆಳೆದ ಮೇಲೂ ಪ್ರತಿ ಹೊಸ ಬಡಾವಣೆ ತನಗೊಂದು ನೇರ ಮೆಜೆಸ್ಟಿಕ್ ಬಸ್ ಕೇಳಿತು, ಶಾಸಕರು ಶಿಫಾರಸು ಮಾಡಿದರು, ಸಂಸ್ಥೆ ಕೊಟ್ಟಿತು. ದಿನಕ್ಕೆ ನಾಲ್ಕೈದು ಟ್ರಿಪ್ ಮಾತ್ರ ಇರುವ ನೂರಾರು ಮಾರ್ಗಗಳ ರೋಗ ಅಂಟಿದ್ದು ಹೀಗೆ.

1997ರ ಆಗಸ್ಟ್ 15ರಂದು ಕೆಎಸ್‌ಆರ್‌ಟಿಸಿಯ ಅಂಗವಾಗಿದ್ದ ಬಿಟಿಎಸ್ ಬೇರೆಯಾಗಿ ಬಿಎಂಟಿಸಿ ಆದ ಮೇಲಿನ ಹದಿನೈದು ವರ್ಷಗಳ ಕಡೆಗೆ ಇನ್ನಷ್ಟು ಗಮನ ಹರಿಯಬೇಕಿತ್ತು. ಭಾರತದ ನಗರ ಬಸ್ ಸಂಸ್ಥೆಗಳು ನಷ್ಟದಲ್ಲಿ ಮುಳುಗಿದ್ದಾಗ ಇದು ಹಲವು ವರ್ಷ ಲಾಭ ತೋರಿಸಿತು. ಚಾಲಕನೇ ಟಿಕೆಟ್ ಕೊಡುವ ಪುಷ್ಪಕ್ ಬಸ್ಸುಗಳು ಬಂದವು. ಉಪೇಂದ್ರ ತ್ರಿಪಾಠಿ ವ್ಯವಸ್ಥಾಪಕ ನಿರ್ದೇಶಕರಾಗಿದ್ದಾಗ, 2006ರಲ್ಲಿ, ವೋಲ್ವೊ ರಸ್ತೆಗಿಳಿಯಿತು. ಐಟಿ ನೌಕರ ಸಿಟಿ ಬಸ್ ಹತ್ತುವುದಿಲ್ಲ ಎಂಬ ನಂಬಿಕೆ ಸುಳ್ಳಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ವಾಯು ವಜ್ರ ಹೊರಟಿತು. ಪತ್ರಿಕೆಗಳು ವೋಲ್ವೊದ ತಣ್ಣನೆ ಗಾಳಿಯ ಬಗ್ಗೆ ಬರೆದವು. ಪ್ರಯಾಣಿಕರ ನಡೆಯನ್ನು ನಿಜಕ್ಕೂ ಬದಲಿಸಿದ್ದು ಅದಕ್ಕಿಂತ ಎಷ್ಟೋ ಅಗ್ಗದ ದಿನದ ಪಾಸ್. ಬಸ್ ಬದಲಿಸಿದಾಗಲೆಲ್ಲ ಹೊಸ ಟಿಕೆಟ್ ಕೊಳ್ಳಬೇಕಾದ ಊರಿನಲ್ಲಿ, ಎರಡು ಬಸ್ ಹಿಡಿದು ಹೋಗುವುದನ್ನು ದಂಡವಾಗದಂತೆ ಮಾಡಿದ್ದು ಆ ಪಾಸ್ ಒಂದೇ.

ಈ ಪಾಸಿನ ತರ್ಕವನ್ನೇ ಹಿಡಿದು ಹೊರಟವರು 2009ರ ಸುಮಾರಿನ ‘ಬಿಗ್ 10’ ಯೋಜಕರು. ಅಶ್ವಿನ್ ಮಹೇಶ್ ಅವರಂಥ ಹೊರಗಿನವರೂ ಸಂಸ್ಥೆಯ ಒಳಗಿನ ಸಂಚಾರ ವಿಭಾಗದವರೂ ಅಪರೂಪಕ್ಕೆ ಒಂದೇ ಮೇಜಿನ ಸುತ್ತ ಕೂತ ಕಾಲ ಅದು. ಹಸಿರು ಬಸ್ಸು, ‘ಜಿ’ ಅಕ್ಷರದ ಸಂಖ್ಯೆ. ಒಂದು ಹೆದ್ದಾರಿ ಹಿಡಿದರೆ ಅದರಲ್ಲೇ ನೇರ ಸಾಗುವ ಮಾರ್ಗ, ಮೆಜೆಸ್ಟಿಕ್‌ಗೆ ಹೊರಳುವ ಹಂಗಿಲ್ಲ. ಹೊರವರ್ತುಲ ರಸ್ತೆಗೆ ‘ಬಿಗ್ ಸರ್ಕಲ್’, ನಡುಪೇಟೆಗೆ ‘ಕೇಂದ್ರ ಸಾರಿಗೆ’. ಮಾರ್ಗ ಕಡಿಮೆ ಇರಲಿ, ಬಸ್ ಮೇಲಿಂದ ಮೇಲೆ ಬರಲಿ, ಬದಲಿಸುವುದು ಸುಲಭವಾಗಲಿ ಎಂಬುದೇ ಇದರ ತಿರುಳು. 2010ರ ಫೆಬ್ರುವರಿಯಿಂದ ಪ್ರತಿ ತಿಂಗಳ 4ನೇ ತಾರೀಕು ‘ಬಸ್ ದಿನ’ ಆಚರಣೆಯೂ ಶುರುವಾಯಿತು.

ಇದೇ ತಿರುಳನ್ನು 2012ರಲ್ಲಿ ಬಾರ್ಸಿಲೋನಾ ತನ್ನ ಚೌಕಳಿ ಜಾಲದಲ್ಲಿ ಜಾರಿಗೆ ತರತೊಡಗಿತು. ಅಮೆರಿಕದ ಹ್ಯೂಸ್ಟನ್ 2015ರ ಆಗಸ್ಟ್‌ನಲ್ಲಿ ಇಡೀ ಜಾಲವನ್ನು ಒಂದೇ ದಿನ ಬದಲಿಸಿತು. ಅವಕ್ಕೂ ಮೊದಲೇ, 2004ರ ಜುಲೈ 1ರಂದು, ಸೋಲ್ ನಗರ ಬಸ್ಸುಗಳನ್ನು ಬಣ್ಣದ ಮೇಲೆ ವಿಂಗಡಿಸಿ, ರಸ್ತೆ ನಡುವೆ ಬಸ್ ಪಥ ಹಾಕಿ, ಬಸ್ಸು–ಮೆಟ್ರೊ ಎರಡಕ್ಕೂ ಸಲ್ಲುವ ದರ ತಂದಿತ್ತು. ಬೆಂಗಳೂರು ಈ ಸಾಲಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಬೇರೆಯವರು ಹಳೆಯ ಮಾರ್ಗ ಕಿತ್ತು ಹೊಸದನ್ನು ಹಾಕಿದರು. ಇಲ್ಲಿ ಹಳೆಯದನ್ನು ಮುಟ್ಟದೆ ಮೇಲೆ ಹೊಸದನ್ನು ಹೇರಲಾಯಿತು. ‘ಜಿ’ ಬಸ್ಸುಗಳು ಕ್ರಮೇಣ ಎಲ್ಲದರಂತೆ ಮತ್ತೊಂದು ಬಸ್ಸಾದವು.

ಆ ಹೊತ್ತಿಗೆ ಹಣ ಬೇರೆ ಕಡೆ ಹರಿಯುತ್ತಿತ್ತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಕ್ಕಿಂತ ಜನರ ಸಂಚಾರ ಮುಖ್ಯ ಎಂದಿತು. ಆದರೆ ಕೇಂದ್ರದ ನಗರ ನವೀಕರಣ ಯೋಜನೆಯ (ನರ್ಮ್) ಅನುದಾನದಲ್ಲಿ ಬೆಂಗಳೂರಿಗೆ ಬಸ್ಸುಗಳ ಜೊತೆ ಸಿಕ್ಕಿದ್ದು ಶಾಂತಿನಗರ, ಜಯನಗರ, ದೊಮ್ಮಲೂರು, ಯಶವಂತಪುರ ಮೊದಲಾದ ಕಡೆ ಟಿಟಿಎಂಸಿ ಎಂಬ ಹತ್ತು ಬಹುಮಹಡಿ ಕಟ್ಟಡಗಳು. ಅಂಗಡಿ, ಕಚೇರಿ, ಕಾರು ನಿಲುಗಡೆ ಎಲ್ಲ ಅದರಲ್ಲಿದ್ದವು. ಬಸ್ ಬೇಗ ಬರಲು ಅವುಗಳಿಂದ ಆದ ಉಪಕಾರ ಹುಡುಕಬೇಕು.

ಬಸ್ಸಿಗೇ ಮೀಸಲಾದ ಪಥದಲ್ಲಿ ಬಸ್ ಓಡಿಸುವ ಬಿಆರ್‌ಟಿಯನ್ನೂ ನಾವು ಕಟ್ಟಡವಾಗಿಯೇ ಓದಿಕೊಂಡೆವು. 1974ರ ಕುರಿಚಿಬಾ, 2000ದ ಬೊಗೊಟಾ ನಗರಗಳ ಪಥ ಮೆಚ್ಚಿ ಬಂದವರು ದೆಹಲಿಯಲ್ಲಿ 2008ರಲ್ಲಿ 5.8 ಕಿ.ಮೀ. ಪಥ ಮಾಡಿದರು, ಕಾರಿನವರ ಗದ್ದಲಕ್ಕೆ 2016ರಲ್ಲಿ ಅದನ್ನು ಕೆಡವಲಾಯಿತು. ಕರ್ನಾಟಕದ ಉತ್ತರ ಹುಬ್ಬಳ್ಳಿ–ಧಾರವಾಡ. ಅವಳಿ ನಗರದ ನಡುವಿನ 22.25 ಕಿ.ಮೀ.ನಲ್ಲಿ 2018ರ ಅಕ್ಟೋಬರ್ 2ರಂದು ಓಡಿದ ‘ಚಿಗರಿ’ ಬಸ್ಸುಗಳು, ನಿಲ್ಲುತ್ತ ಹೋಗುವ ಬಸ್ಸನ್ನು ತಡೆಯಿಲ್ಲದ ಬಸ್ ಹಿಂದಿಕ್ಕಿ ಹೋಗಬಲ್ಲ ವ್ಯವಸ್ಥೆ ತಂದವು. ಇದೊಂದು ಗಂಭೀರ ಸಾಧನೆ. ಅದನ್ನೂ ತೆಗೆಯಿರಿ ಎಂಬ ಕೂಗು ಈಗ ಎದ್ದಿರುವುದು ಈ ಕ್ಷೇತ್ರದ ನೆನಪು ಎಷ್ಟು ಅಲ್ಪಾಯುಷಿ ಎಂಬುದಕ್ಕೆ ಸಾಕ್ಷಿ. ಹಾಗೆಯೇ 2012ರಲ್ಲಿ ದೇಶದಲ್ಲೇ ಮೊದಲಾಗಿ ಸಿಟಿ ಬಸ್ಸುಗಳಿಗೆ ಜಿಪಿಎಸ್ ಆಧಾರಿತ ಮಾಹಿತಿ ವ್ಯವಸ್ಥೆ ತಂದ ಮೈಸೂರನ್ನು ಯಾರೂ ನೆನೆಯುತ್ತಿಲ್ಲ.

ಬೆಂಗಳೂರಿನ ಬಸ್ ಪಥದ ಕತೆ ಇನ್ನೂ ಚಿಕ್ಕದು. 2019ರ ನವೆಂಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ, ಗೂಟ ನೆಟ್ಟು ಆದ್ಯತಾ ಪಥ ಶುರುವಾಯಿತು. ಕೊರೊನಾ ಬಂತು, ಮೆಟ್ರೊ ಕಾಮಗಾರಿ ಬಂತು, ಗೂಟಗಳು ಹೋದವು. ಡಿಪೊದಲ್ಲಿ ಶೆಡ್ಯೂಲ್ ಬರೆಯುವವರಿಗೆ ಆ ಪಥದ ಬೆಲೆ ಗೊತ್ತು. ಹೋಗಿ ಬರಲು ಎರಡು ಗಂಟೆ ಹಿಡಿಯುವ ಮಾರ್ಗದಲ್ಲಿ ಹನ್ನೆರಡು ಬಸ್ಸಿದ್ದರೆ ಹತ್ತು ನಿಮಿಷಕ್ಕೊಂದು ಬರುತ್ತದೆ. ದಟ್ಟಣೆಯಿಂದ ಅದೇ ಸುತ್ತು ಮೂರು ಗಂಟೆಯಾದರೆ ಹದಿನೈದು ನಿಮಿಷಕ್ಕೊಂದು. ಹಳೆಯ ಅಂತರವನ್ನೇ ಕಾಯಬೇಕಾದರೆ ಇನ್ನೂ ಆರು ಬಸ್ಸು, ಅವಕ್ಕೆ ಪಾಳಿಗೊಬ್ಬ ಚಾಲಕ, ನಿರ್ವಾಹಕ ಬೇಕು. ಜನ ಮಾತ್ರ ಹೆಚ್ಚಾಗುವುದಿಲ್ಲ. ಸಂಸ್ಥೆಯ ನಷ್ಟವನ್ನು ಸಿಬ್ಬಂದಿಯ ಸೋಮಾರಿತನಕ್ಕೆ ಕಟ್ಟುವ ಸಂಪಾದಕೀಯಗಳು ಈ ಲೆಕ್ಕಕ್ಕೆ ಕೈ ಹಾಕುವುದಿಲ್ಲ.

ಇನ್ನು ಈಗಿನ ಘಟ್ಟ. ವಿದ್ಯುತ್ ಬಸ್ಸುಗಳು ಗುತ್ತಿಗೆಯಲ್ಲಿ ಬರುತ್ತಿವೆ: ಬಸ್ಸು, ಚಾಲಕ ಕಂಪನಿಯವರು, ನಿರ್ವಾಹಕ ಬಿಎಂಟಿಸಿಯವರು, ಓಡಿದ ಕಿಲೋಮೀಟರಿಗೆ ಇಷ್ಟೆಂದು ಹಣ. ಹೊಗೆ ತಗ್ಗುತ್ತದೆ, ಸಂತೋಷ. ನಿಲ್ದಾಣದಲ್ಲಿ ನಿಂತವರು ಎಷ್ಟು ಹೊತ್ತು ಕಾದರು ಎಂಬುದಕ್ಕೆ ಕಿಲೋಮೀಟರಿನ ಲೆಕ್ಕದಲ್ಲಿ ಜಾಗವಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ 2023ರ ಜೂನ್ 11ರಂದು ಬಂತು. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಟ್ಟ ಶಕ್ತಿ ಯೋಜನೆಯನ್ನು ‘ಬಿಟ್ಟಿ’ ಎಂದು ಜರೆದವರೂ ಹೊಗಳಿದವರೂ ಒಂದು ಅಂಶ ಗಮನಿಸಿದಂತಿಲ್ಲ. ನಮ್ಮಲ್ಲಿ ದರ ಸ್ಟೇಜಿನ ಮೇಲೆ ನಿಂತಿರುವುದರಿಂದ, ನಿರ್ವಾಹಕರ ಯಂತ್ರ ಕೊಡುವ ಪ್ರತಿ ಶೂನ್ಯ ಟಿಕೆಟಿನಲ್ಲೂ ಹತ್ತಿದ ಜಾಗ, ಇಳಿಯುವ ಜಾಗ ಇರುತ್ತದೆ. ಒಂದೇ ದರದ ವಿದೇಶಿ ನಗರಗಳು ದುಡ್ಡು ಸುರಿದು ಸಮೀಕ್ಷೆ ಮಾಡಿ ಪಡೆಯುವ ಮಾಹಿತಿ ಇಲ್ಲಿ ದಿನವೂ ತಾನಾಗಿ ಸೇರುತ್ತಿದೆ. ಗಾರ್ಮೆಂಟ್ಸ್ ಕಾರ್ಖಾನೆಗೆ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಯಾವ ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಎಂಬುದು ಅದರಲ್ಲಿ ಇದೆ. ಅವರಲ್ಲಿ ಎಷ್ಟೋ ಮಂದಿಗೆ ಮೆಜೆಸ್ಟಿಕ್‌ನಲ್ಲಿ ಕೆಲಸವೇ ಇಲ್ಲ.

ಬಸ್ಸು, ಮೆಟ್ರೊ, ಉಪನಗರ ರೈಲನ್ನು ಒಟ್ಟಿಗೆ ನೋಡಲೆಂದು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕೆ 2022ರಲ್ಲೇ ಕಾಯ್ದೆಯಾಗಿದೆ. ಮತ್ತೊಂದು ಸಮಗ್ರ ಯೋಜನೆಗೆ ಸಲಹೆಗಾರರನ್ನು ನೇಮಿಸುವ ಮೊದಲು ಪ್ರಾಧಿಕಾರ ಎರಡು ಕೆಲಸ ಮಾಡಲಿ. ಹೆಸರು, ಗುರುತು ತೆಗೆದು ಈ ಟಿಕೆಟ್ ಮಾಹಿತಿಯನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಲಿ. ಪ್ರತಿ ತಂಗುದಾಣದಲ್ಲಿ ಎಷ್ಟು ನಿಮಿಷಕ್ಕೊಂದು ಬಸ್ ಬರಬೇಕಿತ್ತು, ಎಷ್ಟಕ್ಕೆ ಬಂತು ಎಂಬುದನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ. ಇದಕ್ಕೆ ಹೊಸ ರಸ್ತೆ, ಹೊಸ ಸುರಂಗ, ಹೊಸ ಸಾಲ ಯಾವುದೂ ಬೇಕಿಲ್ಲ.