ಹಲಸೂರು: ಕೆರೆ ಮತ್ತು ಊರು

ನಿಮ್ಮ ಎದುರಿಗಿರುವುದು ತಾನಾಗಿ ಹುಟ್ಟಿದ ಸರೋವರವಲ್ಲ. ತಗ್ಗಿಗೆ ಅಡ್ಡಲಾಗಿ ಏರಿ ಹಾಕಿ ಮಳೆನೀರು ತಡೆದು ನಿಲ್ಲಿಸಿದ ಕೆರೆ. ಯಲಹಂಕದ ಕೆಂಪೇಗೌಡರ ವಂಶದವರು ಕಟ್ಟಿಸಿದ್ದೆಂದು ಪ್ರತೀತಿ. ವರ್ಷವಿಡೀ ಹರಿಯುವ ಹೊಳೆ ಬೆಂಗಳೂರಿಗಿಲ್ಲ. ಕೆರೆ ಇದ್ದಲ್ಲಿ ಊರು ಬೆಳೆಯಿತು.

ಹಳೆಯ ಹಲಸೂರಿನ ನಡುಮನೆ ಸೋಮೇಶ್ವರ ದೇವಸ್ಥಾನ. ಅದರ ಮೂಲವನ್ನು ಚೋಳರ ಕಾಲಕ್ಕೆ ಒಯ್ಯುವವರಿದ್ದಾರೆ. ಗೋಪುರ, ಕಂಬಗಳ ಮಂಟಪ ಮಾತ್ರ ವಿಜಯನಗರದ ಕೈಕೆಲಸವೆಂದು ನೋಡಿದೊಡನೆ ತಿಳಿಯುತ್ತದೆ. ಕೈಲಾಸವನ್ನೆತ್ತುವ ರಾವಣನ ಶಿಲ್ಪವನ್ನು ಬಿಡದೆ ನೋಡಿ.

1809ರ ಹೊತ್ತಿಗೆ ಬ್ರಿಟಿಷರ ದಂಡು ಊರಿನ ಪಕ್ಕದಲ್ಲೇ ನೆಲೆಯೂರಿತು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆ ಬೆಂಗಳೂರಿಗೆ ಬಂತು. ಇಂದಿಗೂ ಅದರ ನೆಲೆ ಕೆರೆಯ ಮಗ್ಗುಲಲ್ಲೇ. ದಂಡಿನೊಂದಿಗೆ ಬಂದ ತಮಿಳು ಕುಟುಂಬಗಳಿಂದ ಹಲಸೂರಿನ ಬೀದಿಗಳು ಎರಡು ನುಡಿಯವಾದವು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬರುವವರೆಗೆ ದಂಡಿನವರು ಕುಡಿದದ್ದು ಇಂಥ ಕೆರೆಗಳ ನೀರನ್ನೇ. ಕೊಳಾಯಿ ಬಂತು, ಕೆರೆಯ ಮೇಲಿನ ಕಾಳಜಿ ಸಡಿಲವಾಯಿತು ಎನ್ನಬೇಕು. ಮುಂದೆ ರಾಜಕಾಲುವೆಗಳಲ್ಲಿ ಚರಂಡಿ ನೀರು ಸೇರಿತು. 2016ರ ಮಾರ್ಚ್‌ನಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ದಡಕ್ಕೆ ಬಂದವು.

ಸುಮಾರು 123 ಎಕರೆಯ ಈ ಕೆರೆಯಲ್ಲಿ ಹಲವು ನಡುಗಡ್ಡೆಗಳಿವೆ. ಕೋಡಿ ಬಿದ್ದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ.

ಕೆಂಪೇಗೌಡರ ನಾಲ್ಕು ಗಡಿಗೋಪುರಗಳಲ್ಲೊಂದು ಹತ್ತಿರದಲ್ಲೇ, ಸೇನೆಯ ಆವರಣದೊಳಗಿದೆ. ಒಳಹೋಗಲು ಅನುಮತಿ ಬೇಕು.